ಒತ್ತಿದಷ್ಟೂ ಬಿಗಿಯಾಗುವ ಮುಚ್ಚಳ

ಅಡಿಕೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ರಾತ್ರಿ ಬಹಳ ಹೊತ್ತು ದೀಪ ಉರಿಯುತ್ತದೆ. ಮೆಟ್ಟುಗತ್ತಿಯ ಮೇಲೆ ಕೂತವರು ಊರಿನ ಸುದ್ದಿ ಮಾತಾಡುತ್ತಲೇ ಅಡಿಕೆ ಸುಲಿಯುತ್ತಾರೆ. (ಈಗ ಸುಮಾರು ಮನೆಗಳಿಗೆ ಮೆಷಿನ್ ಬಂದಿದೆ. ಅದರ ಸದ್ದಿನಲ್ಲಿ ಮಾತು ಕಮ್ಮಿಯಾಗಿದೆ, ಅದು ಬೇರೆ ವಿಷಯ.) ಅಂಗೈಯಲ್ಲಿಟ್ಟು ಎಷ್ಟು ಹಿಚುಕಿದರೂ ಜಗ್ಗದ ಹಸಿ ಸಿಪ್ಪೆ, ಅಲಗಿಗೆ ತಾಗಿಸಿ ಒತ್ತಿದರೆ ಸೀಳಿಕೊಳ್ಳುತ್ತದೆ. ಬಲ ಅದೇ ಕೈಯದು. ಅಂಗೈ ಅಗಲಕ್ಕೆ ಹರಡುತ್ತಿದ್ದದ್ದು ಈಗ ಕೂದಲೆಳೆಯಷ್ಟು ಜಾಗದ ಮೇಲೆ ಬಿತ್ತು, ಅಷ್ಟೇ. ಹೈಸ್ಕೂಲಿನಲ್ಲಿ ನಾನು ಒತ್ತಡದ ಸೂತ್ರವನ್ನು ಬಾಯಿಪಾಠ ಮಾಡಿದ್ದೆ. ಕತ್ತಿ ಮನೆಯಲ್ಲೇ ಇತ್ತು. ಎರಡೂ ಒಂದೇ ಅಂತ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಈ ಒತ್ತಡವೊಂದನ್ನೇ ಹಿಡಿದು ಇಡೀ ಆಯುಷ್ಯ ಕಳೆದವರು ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್. 1900ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದವರು 1954ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಅವರು ಕೆಲಸ ಶುರು ಮಾಡಿದ ಕಾಲಕ್ಕೆ ಪ್ರಯೋಗಾಲಯಗಳು ಗಾಳಿಯ ಒತ್ತಡದ ಸುಮಾರು 3,000 ಪಟ್ಟಿನ ಹತ್ತಿರ ಬಂದು ನಿಂತುಬಿಟ್ಟಿದ್ದವು. ಉಕ್ಕು ಗಟ್ಟಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಸೋರಿಕೆಯಲ್ಲಿ. ರಬ್ಬರ್ ಸಡಿಲಾದ ಕುಕ್ಕರ್ ನೋಡಿದ್ದೀರಲ್ವಾ? ಬದಿಯಿಂದ ಬುಸ್ಸೆಂದು ಆವಿ ಹೋಗುತ್ತದೆ, ಸೀಟಿ ಮಾತ್ರ ಬರುವುದಿಲ್ಲ. ಅದೇ ಪಾಡು.

ಒಂದು ಉಪಕರಣ ಕೆಟ್ಟುಹೋಗಿ, ಅದನ್ನು ಬದಲಿಸಿ ಕಟ್ಟುವಾಗ ಬ್ರಿಜ್‌ಮನ್‌ಗೆ ದಾರಿ ಸಿಕ್ಕಿತು. ದ್ರವ ತುಂಬಿದ ಉಕ್ಕಿನ ಸಿಲಿಂಡರಿಗೆ ಅಣಬೆಯಾಕಾರದ ಒಂದು ಮುಚ್ಚಳವನ್ನು ನೆನೆಸಿಕೊಳ್ಳಿ. ಟೋಪಿಯ ಮೇಲೆಲ್ಲ ದ್ರವ ಒತ್ತುತ್ತದೆ. ಟೋಪಿಯ ಅಡಿಯಲ್ಲಿ, ಕಾಂಡದ ಸುತ್ತ, ಒಂದು ಮೆತ್ತನೆಯ ಬಳೆ. ಕಾಂಡಕ್ಕೆ ಕೆಳಗೆ ಆಸರೆಯೇ ಇಲ್ಲ, ಖಾಲಿ ತೂತು. ಹಾಗಾಗಿ ಪೂರ್ತಿ ಟೋಪಿಯ ಭಾರವನ್ನು ಆ ಸಣ್ಣ ಬಳೆಯೊಂದೇ ಹೊರಬೇಕು. ಅದರೊಳಗಿನ ಒತ್ತಡ ಯಾವಾಗಲೂ ದ್ರವದ ಒತ್ತಡಕ್ಕಿಂತ ಒಂದು ಕೈ ಮೇಲೇ ಇರುತ್ತದೆ. ದ್ರವ ಜಾಸ್ತಿ ಒತ್ತಿದಷ್ಟೂ ಬಳೆ ಜಾಸ್ತಿ ಬಿಗಿಯುತ್ತದೆ. ಸೋರುವ ಮಾತೇ ಇಲ್ಲ. ಒಳಮುಚ್ಚಳದ ಕುಕ್ಕರ್ ಇದರ ದೂರದ ನೆಂಟ. ಆವಿಯೇ ಒಳಗಿನಿಂದ ಮುಚ್ಚಳವನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ.

ಇನ್ನು ಉಳಿದ ಮಿತಿ ಉಕ್ಕಿನದು ಮಾತ್ರ. ಸಿಲಿಂಡರುಗಳು ಆಗಾಗ ಸಿಡಿಯುತ್ತಿದ್ದವು. ಆದರೂ ಬ್ರಿಜ್‌ಮನ್ ಕೊನೆಗೆ ಒಂದು ಲಕ್ಷ ಪಟ್ಟನ್ನು ದಾಟಿದರು. ನಮ್ಮ ಲಿಂಗನಮಕ್ಕಿಯಲ್ಲಿ 60 ಮೀಟರ್ ನೀರು ನಿಂತರೆ ತಳದಲ್ಲಿ ನೀರಿನ ಒತ್ತಡ ಬರೀ ಆರು ಪಟ್ಟು. ಒಂದು ಲಕ್ಷ ಪಟ್ಟು ಬೇಕಾದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಎಷ್ಟು ದೂರವೋ ಅಷ್ಟು, ಸುಮಾರು 300 ಕಿಲೋಮೀಟರ್, ನೆಲದೊಳಗೆ ನೆಟ್ಟಗೆ ಇಳಿಯಬೇಕು. ಮನುಷ್ಯ ಕೊರೆದ ಅತಿ ಆಳದ ಬಾವಿ ರಷ್ಯಾದ ಕೋಲಾದಲ್ಲಿದೆ. ಅದು 12 ಕಿಲೋಮೀಟರಿಗೆ ನಿಂತಿತು.

ಕೈಗೆ ಸಿಕ್ಕಿದ್ದನ್ನೆಲ್ಲ ಅವರು ಒತ್ತಿ ನೋಡಿದರು. 1914ರಲ್ಲಿ ಮೊಟ್ಟೆಯ ಬಿಳಿಯನ್ನು 7,000 ಪಟ್ಟಿನಲ್ಲಿ ಅರ್ಧ ಗಂಟೆ ಇಟ್ಟರು. ಬೆಂಕಿಯಿಲ್ಲದೆ ಅದು ಬೆಂದಂತೆ ಗಟ್ಟಿಯಾಯಿತು. ಅದೇ ವರ್ಷ ಬಿಳಿ ರಂಜಕವನ್ನು ಒತ್ತಿ ಕಪ್ಪು ರಂಜಕ ಮಾಡಿದರು. ನೀರು ಇನ್ನೂ ವಿಚಿತ್ರ. ಸುಮಾರು 10,000 ಪಟ್ಟಿನಲ್ಲಿ ಅದು ಕೋಣೆಯ ಬಿಸಿಯಲ್ಲೇ ಮಂಜುಗಡ್ಡೆಯಾಗುತ್ತದೆ. ಇನ್ನೂ ಒತ್ತಿದರೆ 80 ಡಿಗ್ರಿಯಲ್ಲೂ ಕರಗದ ಮಂಜು. ಮುಟ್ಟಿದರೆ ಕೈ ಸುಡುವ ಮಂಜು! 1946ರಲ್ಲಿ ನೊಬೆಲ್ ಬಂತು. ನನಗೆ ಮಾತ್ರ ಆ ಮೊಟ್ಟೆಯೇ ಜಾಸ್ತಿ ಇಷ್ಟ. ವಜ್ರ ಮಾಡಲು ಬಹಳ ಹೆಣಗಿದರು, ಅದು ಕೈಗೂಡಲಿಲ್ಲ.

ವಜ್ರ ಮತ್ತೊಂದು ರೀತಿಯಲ್ಲಿ ಈ ಕತೆಗೆ ಬಂತು. 1958ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ಎರಡು ವಜ್ರಗಳ ಮೊನೆಗಳನ್ನು ಎದುರುಬದುರು ಇಟ್ಟು, ನಡುವೆ ಚೂರು ಪದಾರ್ಥ ಸಿಕ್ಕಿಸಿ ಒತ್ತುವ ಪುಟ್ಟ ಉಪಕರಣ ಮಾಡಿದರು. ಅದಕ್ಕೆ ಬಳಸಿದ್ದು ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ವಜ್ರಗಳನ್ನು. ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಸ್ಕ್ರೂ ತಿರುಗಿಸಿ ಬಿಗಿಯಬಹುದು. ಸುಮ್ನೆ ಲೆಕ್ಕ ಹಾಕಿ ನೋಡಿ. ಮೊನೆಯ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂದುಕೊಳ್ಳಿ. 80 ಕಿಲೋ ತೂಗುವ ಮನುಷ್ಯ ಅದರ ಮೇಲೆ ನಿಂತರೆ ಹತ್ತು ಲಕ್ಷ ಪಟ್ಟು ಒತ್ತಡ! ಭೂಮಿಯ ನಟ್ಟನಡುವೆ ಇರುವುದು 36 ಲಕ್ಷ. ವಜ್ರ ಪಾರದರ್ಶಕ, ಹಾಗಾಗಿ ಒಳಗೆ ಏನಾಗುತ್ತಿದೆ ಅಂತ ಕಣ್ಣಿಟ್ಟು ನೋಡಲೂಬಹುದು. ಮೆಟ್ಟುಗತ್ತಿಗೆ ಇದಕ್ಕಿಂತ ಒಳ್ಳೆಯ ಮೊಮ್ಮಗ ಬೇಕೆ?

ಇಂಥ ಉಪಕರಣಗಳಿಂದಲೇ ಭೂಮಿಯೊಳಗೆ 660 ಕಿಲೋಮೀಟರಿನ ಕೆಳಗೆ ಯಾವ ಖನಿಜ ಇದೆ ಅಂತ ಗೊತ್ತಾದದ್ದು. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿದ ಖನಿಜ ಅದು. ಇಡೀ ಭೂಮಿಯಲ್ಲಿ ಇದರಷ್ಟು ಹೇರಳವಾದ ಖನಿಜ ಇನ್ನೊಂದಿಲ್ಲ. ಆದರೂ ಬಹಳ ಕಾಲ ಅದಕ್ಕೊಂದು ಹೆಸರಿರಲಿಲ್ಲ. ಲ್ಯಾಬಿನಲ್ಲಿ ಮಾಡಿದ್ದಕ್ಕೆ ಖನಿಜದ ಹೆಸರು ಕೊಡುವ ಪದ್ಧತಿ ಇಲ್ಲ. ಪ್ರಕೃತಿಯಲ್ಲಿ ಸಿಕ್ಕ ತುಣುಕನ್ನೇ ತೋರಿಸಬೇಕು. ಆಳದಿಂದ ಮೇಲೆ ಬರುವಷ್ಟರಲ್ಲಿ ಒತ್ತಡ ಇಳಿದು ಅದು ಬೇರೆ ಖನಿಜವಾಗಿಬಿಡುತ್ತದೆ.

ತುಣುಕು ಸಿಕ್ಕಿದ್ದು ಆಕಾಶದಿಂದ. ಆಸ್ಟ್ರೇಲಿಯಾದ ಟೆನ್‌ಹ್ಯಾಮ್ ಎಂಬಲ್ಲಿ ಬಿದ್ದ ಉಲ್ಕೆಯೊಳಗೆ. ಬಾಹ್ಯಾಕಾಶದಲ್ಲಿ ಕಲ್ಲಿಗೆ ಕಲ್ಲು ಬಡಿದಾಗ ಕ್ಷಣಕಾಲ ಭಾರೀ ಒತ್ತಡ ಎದ್ದು, ಬೇಗ ಆರಿದ್ದರಿಂದ ಅದು ಹಾಗೇ ಉಳಿದಿತ್ತು. 2014ರಲ್ಲಿ ಅದಕ್ಕೆ ಬ್ರಿಜ್‌ಮನೈಟ್ ಅಂತ ಹೆಸರಿಟ್ಟರು. ಅಷ್ಟರಲ್ಲಿ ಬ್ರಿಜ್‌ಮನ್ ತೀರಿಕೊಂಡು 53 ವರ್ಷವಾಗಿತ್ತು. ಉಲ್ಕೆ ಬಿದ್ದದ್ದು 1879ರಲ್ಲಿ. ಅವರು ಹುಟ್ಟಿದ್ದು 1882ರಲ್ಲಿ.