ಇನ್ನಿಬ್ಬರು ಹುಡುಗರನ್ನು ಹಾಕಿಸಿದರೆ ಸಂಘದ ಸಾಫ್ಟ್‌ವೇರ್ ಬೇಗ ಮುಗಿಯುತ್ತದೆಯೇ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ ನಾನು. ಸದಸ್ಯರ ವಿವರ, ಹಾಲಿನ ಲೆಕ್ಕ, ಬಟವಾಡೆ ಎಲ್ಲವನ್ನೂ ಕಂಪ್ಯೂಟರಿಗೆ ತರಲು ಮೈಸೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಕೊಟ್ಟೆವು. ಮೂರು ತಿಂಗಳು ಸಾಕು ಎಂದರು. ಈಗ ಹತ್ತು ತಿಂಗಳಾಗಿದೆ. ಇಬ್ಬರು ಹುಡುಗರು ಕೆಲಸ ಮಾಡುತ್ತಿದ್ದಾರೆ. ಇನ್ನೂ ಇಬ್ಬರನ್ನು ಹಾಕಿಸಿ, ತಿಂಗಳೊಳಗೆ ಮುಗಿಸಿ ಎಂದು ನಮ್ಮ ಅಧ್ಯಕ್ಷರು ಪಟ್ಟು ಹಿಡಿದಿದ್ದಾರೆ. ಹಾಕಿಸಿದರೆ ಮುಗಿಯುತ್ತದೆಯೇ?

ಉತ್ತರ: ಮುಗಿಯುವುದಿಲ್ಲ. ಬಹುಶಃ ಇನ್ನೂ ಎರಡು ತಿಂಗಳು ಹಿಂದೆ ಬೀಳುತ್ತದೆ.

ಅಧ್ಯಕ್ಷರ ತರ್ಕ ಗದ್ದೆಯ ತರ್ಕ. ಒಂದು ಎಕರೆ ನಾಟಿಗೆ ಆರು ಆಳಿನ ಬದಲು ಹನ್ನೆರಡು ಆಳು ಇಳಿದರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಏಕೆಂದರೆ ಈ ಮೂಲೆಯಲ್ಲಿ ಪೈರು ಊರುವವರು ಆ ಮೂಲೆಯವರನ್ನು ಏನೂ ಕೇಳಬೇಕಾಗಿಲ್ಲ. ಸಾಫ್ಟ್‌ವೇರಿನಲ್ಲಿ ಕೇಳದೆ ಒಂದು ಸಾಲೂ ಬರೆಯಲಾಗದು. ಇಬ್ಬರಿದ್ದಾಗ ಮಾತುಕತೆಯ ಜೋಡಿ ಒಂದೇ, ನಾಲ್ವರಾದರೆ ಆರು. ಹೊಸಬರಿಗೆ ಬಟವಾಡೆ ಎಂದರೇನು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಂದರೇನು ಎಂದು ಹೇಳಿಕೊಡಬೇಕಾದವರು ಈಗ ಕೆಲಸ ಮಾಡುತ್ತಿರುವ ಅದೇ ಇಬ್ಬರು. 1960ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ, ಕಂಪ್ಯೂಟರನ್ನು ನಡೆಸುವ ಭಾರೀ ಸಾಫ್ಟ್‌ವೇರಿನ ತಯಾರಿಕೆ ನೋಡಿಕೊಂಡ ಫ್ರೆಡ್ ಬ್ರೂಕ್ಸ್ ಇದನ್ನು ಸ್ವಂತ ಪೆಟ್ಟಿನಿಂದ ಕಲಿತರು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದಿಟ್ಟರು. ಐವತ್ತು ವರ್ಷಗಳಾದರೂ ಪ್ರತಿ ಆಡಳಿತ ಮಂಡಳಿಯೂ ಅದನ್ನು ಹೊಸದಾಗಿ ಪರೀಕ್ಷಿಸಿ ನೋಡುತ್ತಲೇ ಇದೆ.

ಹಾಗಾದರೆ ಹತ್ತು ತಿಂಗಳು ಹೋದದ್ದೆಲ್ಲಿ? ಹಾಲಿನ ಲೆಕ್ಕ ದೊಡ್ಡದಿರುವುದರಿಂದ ಎಂದು ಆ ಹುಡುಗರು ಹೇಳಿದರೆ ಒಪ್ಪಬೇಡಿ. ಇನ್ನೂರು ಜನ ಹಾಲು ಹಾಕುವ ಸಂಘದಲ್ಲಿ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 1,46,000 ನಮೂದುಗಳಾಗುತ್ತವೆ. ಮಾಹಿತಿಯನ್ನು ಜೋಡಿಸಿಡುವ ಡೇಟಾಬೇಸಿಗೆ ಇದು ಹಲ್ಲಿಗೂ ಸಾಲದ ಮೇವು. ಸಮಯ ತಿಂದಿರುವುದು ನಿಮ್ಮ ಬೀರುವಿನಲ್ಲಿರುವ ಲೆಡ್ಜರ್. ನಾನೂ ಇಂಥ ಕೆಲಸಗಳನ್ನು ಒಪ್ಪಿಕೊಂಡು, ಲೆಡ್ಜರ್ ತೆರೆದು ನೋಡುವ ಮೊದಲೇ ‘ಮೂರು ತಿಂಗಳು’ ಎಂದು ಹೇಳಿ ಮುಖ ಕೆಡಿಸಿಕೊಂಡವನೇ.

ಮಂಡ್ಯದ ಕಡೆಯ ಒಂದು ಸಂಘದಲ್ಲಿ ನಾನು ತೆರೆದ ಸದಸ್ಯರ ಪುಸ್ತಕದಲ್ಲಿ ಬೋರೇಗೌಡ ಎಂಬ ಹೆಸರಿನವರು ಏಳು ಮಂದಿ ಇದ್ದರು. ಅವರಲ್ಲಿ ಇಬ್ಬರ ತಂದೆಯ ಹೆಸರೂ ಸಿದ್ದೇಗೌಡ. ಊರಿನವರಿಗೆ ಇದು ತೊಡಕೇ ಅಲ್ಲ; ಒಬ್ಬರು ಹೊಸಮನೆಯವರು, ಇನ್ನೊಬ್ಬರು ತೋಪಿನ ಪಕ್ಕದವರು. ಒಂದು ಪುಟದಲ್ಲಿ ಹೆಸರಿನ ಮೇಲೆ ಪೆನ್ಸಿಲಿನ ಸಣ್ಣ ಅಡ್ಡಗೆರೆ, ಪಕ್ಕದಲ್ಲಿ ಬೇರೊಬ್ಬರ ಕೈಬರಹದಲ್ಲಿ ‘ಮಗ’ ಎಂಬ ಎರಡೇ ಅಕ್ಷರ. ಅಪ್ಪ ತೀರಿಕೊಂಡಿದ್ದಾರೆ, ಹಾಲನ್ನು ಮಗ ಹಾಕುತ್ತಿದ್ದಾನೆ, ಷೇರು ಮಾತ್ರ ಇನ್ನೂ ವರ್ಗಾವಣೆಯಾಗಿಲ್ಲ. ಹಾಗಾದರೆ ಸದಸ್ಯ ಯಾರು? ಮತದಾನದ ಹಕ್ಕು ಯಾರಿಗೆ? ಹಣ ಹೋಗಬೇಕಾದದ್ದು ಯಾವ ಬ್ಯಾಂಕ್ ಖಾತೆಗೆ? ಮೈಸೂರಿನಲ್ಲಿ ಕುಳಿತ ಹುಡುಗ ಇದಕ್ಕೆ ಉತ್ತರ ಕೊಡಲಾರ. ಊಹಿಸಿ ಬರೆದುಬಿಟ್ಟರೆ ಇನ್ನೂ ಅಪಾಯ.

ಡೇಟಾಬೇಸಿನ ಮೊದಲ ಪಾಠ ಇಲ್ಲೇ ಇದೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಕೊಟ್ಟ ಸಂಬಂಧಾತ್ಮಕ ಮಾದರಿಯಂತೆ ಮಾಹಿತಿ ಕೋಷ್ಟಕಗಳಲ್ಲಿ ಕೂರುತ್ತದೆ, ಪ್ರತಿ ಸಾಲಿಗೂ ಇನ್ನೊಂದಕ್ಕೆ ಹೋಲದ ಗುರುತು ಬೇಕು. ಹೆಸರು ಆ ಗುರುತಾಗದು. ಮೊಬೈಲ್ ಸಂಖ್ಯೆಯೂ ಆಗದು, ಒಂದು ಮನೆಯ ಮೂವರು ಒಂದೇ ಸಂಖ್ಯೆ ಕೊಟ್ಟಿರುತ್ತಾರೆ. ಸಂಘವೇ ಕೊಟ್ಟ, ಸದಸ್ಯರು ತೀರಿಕೊಂಡರೂ ಇನ್ನೊಬ್ಬರಿಗೆ ಕೊಡದ ಸದಸ್ಯ ಸಂಖ್ಯೆಯೇ ಬೇಕು. ಖಾಲಿಯಾದ ಸಂಖ್ಯೆಯನ್ನು ಹೊಸಬರಿಗೆ ದಾನ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ.

ಲೆಡ್ಜರಿನಲ್ಲೂ ಇಲ್ಲದ, ನಿಮ್ಮ ತಲೆಯಲ್ಲಿ ಮಾತ್ರ ಇರುವ ನಿಯಮಗಳದ್ದು ಬೇರೆಯೇ ಕಥೆ. ಪಶು ಆಹಾರದ ಮೂಟೆಯ ಹಣವನ್ನು ಕೆಲವರಿಗೆ ಒಂದೇ ಬಟವಾಡೆಯಲ್ಲಿ ಹಿಡಿಯುತ್ತೀರಿ, ಕೆಲವರಿಗೆ ಎರಡು ಸಲ. ಯಾರಿಗೆ ಏಕೆ ಎಂದು ಕೇಳಿದರೆ ‘ಅವರ ಪರಿಸ್ಥಿತಿ ನೋಡಿಕೊಂಡು’ ಎನ್ನುತ್ತೀರಿ. ನಾನು ಕೆಲಸ ಮಾಡಿದ ಸಂಘದಲ್ಲಿ ಗೌರಿ ಹಬ್ಬದ ಹಿಂದಿನ ಬಟವಾಡೆಯಲ್ಲಿ ಯಾರಿಗೂ ಸಾಲದ ಕಂತು ಹಿಡಿಯುತ್ತಿರಲಿಲ್ಲ. ಅದನ್ನು ಯಾರೂ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹಬ್ಬಕ್ಕೆ ಮೂರು ದಿನ ಮುಂಚೆ ಕಂಪ್ಯೂಟರ್ ಎಲ್ಲರಿಗೂ ಕಂತು ಹಿಡಿಯಿತು. ಆ ದಿನ ಸಂಘದ ಕಟ್ಟೆಯ ಮೇಲೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಆದ್ದರಿಂದ ಅಧ್ಯಕ್ಷರ ಮಾತನ್ನು ಅರ್ಧ ಒಪ್ಪಿಕೊಳ್ಳಿ. ಇಬ್ಬರನ್ನು ಸೇರಿಸಿ, ಆದರೆ ಮೈಸೂರಿನಿಂದಲ್ಲ. ನಿಮಗಿಂತ ಮುಂಚೆ ಇದ್ದ ಕಾರ್ಯದರ್ಶಿ ಬದುಕಿದ್ದರೆ ಅವರನ್ನು, ಜೊತೆಗೆ ಹಾಲು ಪರೀಕ್ಷಕರನ್ನು, ದಿನಕ್ಕೆ ಎರಡು ಗಂಟೆಯಂತೆ ಮೂರು ವಾರ ಆ ಹುಡುಗರ ಪಕ್ಕದಲ್ಲಿ ಕೂರಿಸಿ. ಗೌರವಧನ ಕೊಡಿ. ಲೆಡ್ಜರಿನ ಒಂದೊಂದು ಪುಟ ತಿರುವಿದಾಗಲೂ ಅವರು ‘ಅದು ಹಾಗಲ್ಲ’ ಎನ್ನುತ್ತಾರೆ. ಆ ‘ಹಾಗಲ್ಲ’ಗಳನ್ನು ಬರೆದುಕೊಂಡು ಆಡಳಿತ ಮಂಡಳಿಯ ಮುಂದಿಟ್ಟು ಸಹಿ ಹಾಕಿಸಿ.

ದರದ ವಿಷಯವನ್ನೂ ಅಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಹಾಲಿನ ಬೆಲೆ ವರ್ಷದಲ್ಲಿ ಎಷ್ಟು ಸಲ ಬದಲಾಗುತ್ತದೆಂದು ನಿಮಗೇ ಗೊತ್ತು. ಸರ್ಕಾರದ ಪ್ರೋತ್ಸಾಹಧನವೂ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 4ಕ್ಕೆ, ಆಮೇಲೆ 5ಕ್ಕೆ ಏರಿದ್ದು. ದರವನ್ನು ಪ್ರೋಗ್ರಾಮಿನೊಳಗೆ ಬರೆದಿದ್ದರೆ ಪ್ರತಿ ಬದಲಾವಣೆಗೂ ಮೈಸೂರಿಗೆ ಫೋನ್ ಮಾಡಬೇಕು. ಪ್ರತ್ಯೇಕ ಕೋಷ್ಟಕದಲ್ಲಿ ‘ಯಾವ ದಿನದಿಂದ’ ಎಂಬ ದಿನಾಂಕದೊಂದಿಗೆ ಇಟ್ಟಿದ್ದರೆ ಹೊಸ ಸಾಲು ಸೇರಿಸಿದರೆ ಮುಗಿಯಿತು, ಹಳೆಯ ಬಟವಾಡೆಯ ಲೆಕ್ಕವೂ ಕೆಡುವುದಿಲ್ಲ. ಸದಸ್ಯರ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅದನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಹಳೆಯ ಫಾಂಟಿನ ಅಕ್ಷರ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಟ್ಟು ಓದಿ.

ಕಂಪ್ಯೂಟರ್ ಎಲ್ಲಿರಬೇಕು ಎಂಬುದನ್ನು ಯಾರೂ ಚರ್ಚಿಸುವುದಿಲ್ಲ. ನಮ್ಮ ರಾಜ್ಯದ ಪಹಣಿಯ ಕಥೆ ಕೇಳಿ. ಭೂದಾಖಲೆಯನ್ನು ಕಂಪ್ಯೂಟರಿಗೆ ತರಲು 1991ರಲ್ಲಿ ಗುಲ್ಬರ್ಗಾದಲ್ಲಿ ಶುರುವಾದ ಪ್ರಯೋಗ 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ದಾಖಲೆ ದಿನವೂ ಬದಲಾಗುತ್ತಿದ್ದ ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡಲು ಅವಕಾಶವೇ ಇರಲಿಲ್ಲ. ಅಲ್ಲಿಗೆ ಕಂಪ್ಯೂಟರ್ ತಂದದ್ದು ಆಮೇಲೆ ಬಂದ ಭೂಮಿ ಯೋಜನೆ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ಅದು ಒಳಗೆ ತಂದಿತು. ನಮೂದಿಸಿದ್ದನ್ನು ಗ್ರಾಮ ಲೆಕ್ಕಿಗರಿಂದ ಪರಿಶೀಲನೆ ಮಾಡಿಸಿದ ಮೇಲೆ, ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆ ನಿಲ್ಲಿಸಿದರು. ನಿಮ್ಮ ಸಂಘದಲ್ಲಿ ದಾಖಲೆ ಹುಟ್ಟುವುದು ಬೆಳಗಿನ ಜಾವ ಹಾಲು ಅಳೆಯುವ ಮೇಜಿನ ಮೇಲೆ. ಕಂಪ್ಯೂಟರ್ ನಿಮ್ಮ ಕೊಠಡಿಯಲ್ಲಿದ್ದು ಪರೀಕ್ಷಕರು ಚೀಟಿಯಲ್ಲಿ ಬರೆದು ಕಳುಹಿಸುತ್ತಿದ್ದರೆ, ನೀವು ಚೀಟಿಯ ತಪ್ಪನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೀರಿ, ಅಷ್ಟೇ.

ಲೆಡ್ಜರನ್ನು ಒಮ್ಮೆಲೇ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಕನಿಷ್ಠ ಮೂರು ಬಟವಾಡೆ ಎರಡೂ ಜೊತೆಯಾಗಿ ನಡೆಯಲಿ. ಪರೀಕ್ಷಕರು ಗೊಣಗುತ್ತಾರೆ, ಗೊಣಗಲಿ. ವ್ಯತ್ಯಾಸ ಖಂಡಿತ ಬರುತ್ತದೆ. ಒಬ್ಬ ಸದಸ್ಯರು ಹೊತ್ತಿಗೆ 4.3 ಲೀಟರ್ ಹಾಕುತ್ತಾರೆ, ದರ 32.85 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಹೊತ್ತಿಗೆ 141.255 ರೂಪಾಯಿ. ಹತ್ತು ದಿನಕ್ಕೆ, ಅಂದರೆ ಇಪ್ಪತ್ತು ಹೊತ್ತಿಗೆ, 2,825.10. ಲೆಡ್ಜರಿನಲ್ಲಿ ನೀವು ಕೊನೆಗೊಮ್ಮೆ ಪೈಸೆ ಬಿಟ್ಟು 2,825 ಎಂದು ಬರೆಯುತ್ತೀರಿ. ಪ್ರೋಗ್ರಾಂ ಪ್ರತಿ ಹೊತ್ತಿಗೂ ಪೈಸೆ ಬಿಟ್ಟರೆ 141ರಂತೆ 2,820 ಆಗುತ್ತದೆ. ಐದು ರೂಪಾಯಿ ಮಾಯ. ಎರಡೂ ಲೆಕ್ಕದಲ್ಲಿ ಗುಣಾಕಾರ ಸರಿಯೇ, ಪೈಸೆ ಎಲ್ಲಿ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಇನ್ನೂರು ಜನರ ಐದೈದು ರೂಪಾಯಿ ಸೇರಿದರೆ ಕಾರ್ಯದರ್ಶಿಯ ಮೇಲೆ ಅನುಮಾನ ಬರುತ್ತದೆಯೇ ಹೊರತು ಸಾಫ್ಟ್‌ವೇರಿನ ಮೇಲಲ್ಲ.

ಉಳಿದಿರುವುದು ಬಾಕಿ ಹಣದ ಮಾತು. ತಿಂಗಳ ಲೆಕ್ಕದಲ್ಲಿ ಕೊಡುವುದನ್ನು ನಿಲ್ಲಿಸಿ, ಬಾಕಿಯನ್ನು ಮೂರು ಪಾಲು ಮಾಡಿ. ಸದಸ್ಯರ ಪಟ್ಟಿಗೆ ಮಂಡಳಿ ಸಹಿ ಹಾಕಿದ ದಿನ ಒಂದು ಪಾಲು, ಲೆಡ್ಜರಿಗೂ ಕಂಪ್ಯೂಟರಿಗೂ ಮೂರು ಬಟವಾಡೆ ತಾಳೆಯಾದಾಗ ಇನ್ನೊಂದು. ಕೊನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಮಾಹಿತಿಯ ಪ್ರತಿಯನ್ನು ಒಂದು ಡಿಸ್ಕಿಗೆ ತೆಗೆದು, ಸಂಘದ್ದಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ನಿಮ್ಮ ಕಣ್ಣೆದುರೇ ತೆರೆದು, ಕಳೆದ ಬಟವಾಡೆಯ ಪಟ್ಟಿಯನ್ನು ಮುದ್ರಿಸಿ ಕೊಡಲು ಹೇಳಿ. ಪಾಸ್‌ವರ್ಡ್‌ಗಳನ್ನು ಲಕೋಟೆಯಲ್ಲಿ ಹಾಕಿಸಿ, ಅಧ್ಯಕ್ಷರ ಸಹಿಯೊಂದಿಗೆ ಬೀರುವಿನಲ್ಲಿಡಿ. ಆ ಪಟ್ಟಿ ನಿಮ್ಮ ಕೈಗೆ ಬಂದ ಮೇಲೆ ಚೆಕ್ ಬರೆಯಿರಿ.