ಬಲವನ್ನು ದೂರದಿಂದ ಗುಣಿಸಿದ್ದು ಯಾಕೆ?

ಐವತ್ತು ಕಿಲೋ ಅಕ್ಕಿ ಮೂಟೆ ಹೊತ್ತು ಅರ್ಧ ಗಂಟೆ ನಿಂತರೆ ಹೆಗಲು ಬಿದ್ದುಹೋಗುತ್ತದೆ. ಆದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಆ ಮೂಟೆಯ ಮೇಲೆ ನಡೆದ ಕೆಲಸ ಸೊನ್ನೆ. ಇದೆಂಥ ಅನ್ಯಾಯ ಅಂತ ಮಕ್ಕಳಿಗೆ ಅನ್ನಿಸುವುದು ಸಹಜ. ನಾವೋ, ಕೆಲಸ ಅಂದರೆ ಬಲ ಗುಣಿಸು ದೂರ ಅಂತ ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತೇವೆ. ಈ ಗುಣಾಕಾರ ಯಾರಿಗೆ ಬೇಕಾಗಿತ್ತು ಅಂತ ಹೇಳಿಕೊಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಯೋಚನೆ ಹಳೆಯದು. ಒಂದು ತೂಕವನ್ನು ನಾಲ್ಕು ಮೊಳ ಎತ್ತುವುದೂ ಅದರ ನಾಲ್ಕರಷ್ಟು ತೂಕವನ್ನು ಒಂದು ಮೊಳ ಎತ್ತುವುದೂ ಸಮ ಅಂತ ಜರ್ಮನಿಯ ಲೈಬ್ನಿಟ್ಸ್ 1686ರಲ್ಲೇ ವಾದಿಸಿದ್ದ. ಆದರೆ ಈ ಲೆಕ್ಕಕ್ಕೆ ದುಡ್ಡಿನ ಬೆಲೆ ಬಂದದ್ದು ಗಣಿಗಳಲ್ಲಿ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳಿದ್ದವು. ಆಳಕ್ಕೆ ಇಳಿದಷ್ಟೂ ನೀರು ತುಂಬುತ್ತಿತ್ತು. ಎತ್ತಿ ಹಾಕಲು ನ್ಯೂಕೊಮೆನ್‌ನ ಹಬೆ ಎಂಜಿನ್ನುಗಳು ಬಂದವು. ಅವು ಕಲ್ಲಿದ್ದಲು ತಿನ್ನುತ್ತಿದ್ದವು, ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲೇ ಇರಲಿಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕು. ಹಾಗಾಗಿ ಗಣಿ ಮಾಲೀಕರ ಪ್ರಶ್ನೆ ಒಂದೇ: ಒಂದು ಅಳತೆ ಕಲ್ಲಿದ್ದಲು ಸುಟ್ಟರೆ ಎಷ್ಟು ಪೌಂಡ್ ನೀರು ಒಂದು ಅಡಿ ಮೇಲೆ ಬರುತ್ತದೆ? ಇದಕ್ಕೆ ‘ಡ್ಯೂಟಿ’ ಅನ್ನುತ್ತಿದ್ದರು. ಕಡಿಮೆ ಕಲ್ಲಿದ್ದಲು ತಿನ್ನುವ ಎಂಜಿನ್ನು ಮಾಡಿದ ಜೇಮ್ಸ್ ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್, ಹಳೆಯ ಎಂಜಿನ್ನಿಗಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಮೂರನೇ ಒಂದು ಭಾಗದ ಹಣ ತಗೊಳ್ಳುತ್ತಿದ್ದರು. 1811ರಿಂದ ಯಾವ ಗಣಿಯ ಎಂಜಿನ್ನಿನ ಡ್ಯೂಟಿ ಎಷ್ಟು ಅಂತ ತಿಂಗಳು ತಿಂಗಳೂ ಅಚ್ಚಾಗತೊಡಗಿತು. ಎಂಜಿನಿಯರ್‌ಗಳ ನಡುವೆ ಪೈಪೋಟಿ ಹತ್ತಿತು. ವಾಟ್‌ನ ಎಂಜಿನ್ನುಗಳ ಡ್ಯೂಟಿ 2 ಕೋಟಿ ಪೌಂಡ್ ನೀರಿನ ಆಸುಪಾಸಿನಲ್ಲಿತ್ತು. 1835ರ ಒಂದು ಪರೀಕ್ಷೆಯಲ್ಲಿ ಆ ಸಂಖ್ಯೆ 12.5 ಕೋಟಿ ಮುಟ್ಟಿತು.

ಈ ಲೆಕ್ಕದಲ್ಲಿ ಸುಮ್ನೆ ಹಿಡಿದು ನಿಲ್ಲುವುದಕ್ಕೆ ಬೆಲೆಯೇ ಇಲ್ಲ. ನೀರನ್ನು ಅರ್ಧ ದಾರಿಯಲ್ಲಿ ತಡೆದು ನಿಂತ ಎಂಜಿನ್ನಿಗೆ ಯಾರು ದುಡ್ಡು ಕೊಡುತ್ತಾರೆ? ಮೂಟೆಯ ವಿಷಯವೂ ಅಷ್ಟೇ. ನಿಂತಾಗ ನಮ್ಮ ಸ್ನಾಯುವಿನ ಎಳೆಗಳು ಒಳಗೊಳಗೇ ಬಿಗಿಯುತ್ತ, ಸಡಿಲಾಗುತ್ತ ಇರುತ್ತವೆ. ಉಂಡ ಅನ್ನ ಶಾಖವಾಗಿ ಹೋಗುತ್ತದೆ. ದಣಿವು ನಿಜ, ಆದರೆ ಮೂಟೆಗೆ ಏನೂ ದಕ್ಕಿಲ್ಲ. ನಮ್ಮ ಪಾಠಗಳು ಇದನ್ನು ಬಿಡಿಸಿ ಹೇಳಲೇಬೇಕು.

ದೂರವನ್ನು ಬಿಟ್ಟರೆ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಹತ್ತು ಮೀಟರ್ ಆಳದ ಬಾವಿಯಿಂದ 10 ಕಿಲೋ ನೀರು ಸೇದಲು ಸುಮಾರು 98 ನ್ಯೂಟನ್ ಬಲ ಬೇಕು. ಕೆಲಸ 980 ಜೂಲ್. ಕೊಡದ ಜೊತೆಗೇ ಮೇಲೆ ಬರುವಂತೆ ಇನ್ನೊಂದು ರಾಟೆ ಸೇರಿಸಿದರೆ 49 ನ್ಯೂಟನ್ ಸಾಕು. ಬಲ ಅರ್ಧವಾಯಿತು, ಲಾಭವಾಯಿತು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಹಗ್ಗವನ್ನು 20 ಮೀಟರ್ ಎಳೆಯಬೇಕು. ಗುಣಿಸಿದರೆ ಅದೇ 980. ನಿಜವಾದ ರಾಟೆಯಲ್ಲಿ ಉಜ್ಜಾಟ, ರಾಟೆಯ ತೂಕ ಸೇರಿ ಇನ್ನೂ ಸ್ವಲ್ಪ ಜಾಸ್ತಿಯೇ.

ಎಂಜಿನಿಯರ್‌ಗಳ ಈ ರೂಢಿಯನ್ನು ಶಾಸ್ತ್ರದೊಳಗೆ ತಂದವರು ಫ್ರಾನ್ಸ್‌ನ ಪಾನ್ಸಲೆ ಮತ್ತು ಕೊರಿಯೊಲಿಸ್. ಕೊರಿಯೊಲಿಸ್ 1829ರ ತನ್ನ ಪುಸ್ತಕದಲ್ಲಿ ಬಲ ಮತ್ತು ದೂರದ ಗುಣಲಬ್ಧವನ್ನೇ ‘ಕೆಲಸ’ ಎಂದ. ಚಲನಶಕ್ತಿಯ ಸೂತ್ರದಲ್ಲಿ (½mv²) ಆ ಅರ್ಧ ಬಂದದ್ದೂ ಅವನಿಂದಲೇ, ಕೆಲಸಕ್ಕೂ ಚಲನೆಗೂ ಲೆಕ್ಕ ಸರಿಹೊಂದಲಿ ಅಂತ. ಮುಂದೆ ಇಂಗ್ಲೆಂಡಿನ ವಿಜ್ಞಾನಿ ಜೂಲ್ (ಕೆಲಸದ ಅಳತೆಗೆ ಇವನದೇ ಹೆಸರು) ಬೀಳುವ ತೂಕಗಳಿಂದ ನೀರು ಕಡೆಸಿ, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಶಾಖ ಅಂತ ಅಳೆದು ತೋರಿಸಿದ.

ಕಾರ್ನ್‌ವಾಲ್‌ನ ದೊಡ್ಡ ಗಣಿಗಳನ್ನು ನಡೆಸಿದವರಲ್ಲಿ ಜಾನ್ ಟೇಲರ್ ಒಬ್ಬ. ಅವನ ಮನೆತನದ ಕಂಪನಿಯೇ 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. 1902ರಲ್ಲಿ ಅಲ್ಲಿಗೆ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಿಂದ ಒಂದು ಟನ್ ಕಲ್ಲು ಮೇಲೆತ್ತುವ ಕೆಲಸ 2.94 ಕೋಟಿ ಜೂಲ್. ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ 8 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ.