ಲ್ಯಾಬಿನ ತಟ್ಟೆಯಲ್ಲಿ ಗೆದ್ದ ಕರ್ಕ್ಯುಮಿನ್

"ಅರಿಶಿನದ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದಂತೆ, ತಗೋಬಹುದಾ ಡಾಕ್ಟ್ರೇ?" ಕ್ಯಾನ್ಸರ್ ವೈದ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ, ರಕ್ತಪರೀಕ್ಷೆಯಲ್ಲಿ ಅಳೆಯುವ ಪ್ರೋಟೀನ್) ಏರುತ್ತಿದೆ ಎಂಬ ಭಯ ಇದ್ದವರು ಸುಮ್ನೆ ಕೇಳುವುದಿಲ್ಲ. ಹಾಗಾಗಿ ಅವರಿಗೆ ಪೂರ್ತಿ ಉತ್ತರ ಸಿಗಬೇಕು.

ಆ ಸುದ್ದಿ ಪೂರ್ತಿ ಸುಳ್ಳಲ್ಲ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಲ್ಯಾಬಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಬೆಳೆಯುವುದು ಗಂಡಸರ ಹಾರ್ಮೋನಿನ ಬಲದಿಂದ. ಆ ಹಾರ್ಮೋನ್ ಬಂದು ಕೂರುವ ಪ್ರೋಟೀನಿಗೆ ಆಂಡ್ರೋಜನ್ ರಿಸೆಪ್ಟರ್ ಅನ್ನುತ್ತೇವೆ. ಕರ್ಕ್ಯುಮಿನ್ ಬಿದ್ದಾಗ ಕೋಶದಲ್ಲಿ ಈ ರಿಸೆಪ್ಟರ್ ಕಡಿಮೆಯಾಗುತ್ತದೆ. ಕೋಶ ಸಾಯದಂತೆ ಕಾಯುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಕೂಡ ಮಂಕಾಗುತ್ತದೆ. ಕೋಶಗಳು ಒಂದು ಎರಡಾಗುವ ವೇಗ ತಗ್ಗುತ್ತದೆ, ಕೆಲವು ಸತ್ತೇ ಹೋಗುತ್ತವೆ.

ಆದರೆ ಇದೆಲ್ಲ ನಡೆಯುವುದು ಎಲ್ಲಿ? ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ತಟ್ಟೆಯಲ್ಲಿ. ಕೋಶಗಳು ಅದರ ತಳಕ್ಕೆ ಅಂಟಿಕೊಂಡಿರುತ್ತವೆ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿಸಿ ನೇರವಾಗಿ ಕೋಶಗಳಿಗೇ ಹಾಕುತ್ತಾರೆ. ಪ್ರಮಾಣ ಹೆಚ್ಚಾಗಿ 10ರಿಂದ 20 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ದಟ್ಟವಾಗಿದೆ ಎಂಬುದರ ಅಳತೆ).

ಬಾಯಿಂದ ನುಂಗಿದರೆ ಕಥೆಯೇ ಬೇರೆ. ಕರುಳು ಅದನ್ನು ಸ್ವಲ್ಪವೇ ಹೀರುತ್ತದೆ. ಹೀರಿದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಅದರ ಸರಾಸರಿ ಗರಿಷ್ಠ ಮಟ್ಟ 2 ಮೈಕ್ರೋಮೋಲಾರ್ ಮುಟ್ಟಲಿಲ್ಲ. ತಟ್ಟೆಗೆ ಹಾಕಿದ್ದರ ಐದನೇ ಒಂದು ಭಾಗವೂ ಅಲ್ಲ ಅದು.

ಹಾಗಂತ ಗಿಡಮರಗಳಿಂದ ಔಷಧಿ ಬರುವುದಿಲ್ಲ ಅಂತಲ್ಲ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಹುಟ್ಟಿದ್ದೇ ಯೂ ಮರದ ಎಲೆಯ ಒಂದು ಅಂಶದಿಂದ. ಅದನ್ನು ಲ್ಯಾಬಿನಲ್ಲಿ ಮಾರ್ಪಡಿಸಿ, ಪ್ರಮಾಣ ನಿಗದಿ ಮಾಡಿ, ರಕ್ತನಾಳಕ್ಕೆ ಕೊಡುತ್ತೇವೆ. ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. ಅದು ಆಯುಸ್ಸನ್ನು ಸರಾಸರಿ ಕೆಲವೇ ತಿಂಗಳು ಹೆಚ್ಚಿಸಿತ್ತು. ಆದರೆ ಆ ಲಾಭ ಕಂಡದ್ದು ಮನುಷ್ಯರಲ್ಲಿ.

ಪಿಸಿ-ಸ್ಪೆಸ್ ಎಂಬ ಗಿಡಮೂಲಿಕೆ ಕ್ಯಾಪ್ಸೂಲನ್ನೂ ಇಲ್ಲಿ ನೆನೆಯಬೇಕು. ಅದನ್ನು ನುಂಗಿದವರ ಪಿಎಸ್‌ಎ ಇಳಿಯುತ್ತಿತ್ತು. ಪರೀಕ್ಷಿಸಿ ನೋಡಿದರೆ ಕೆಲವು ಬ್ಯಾಚ್‌ಗಳಲ್ಲಿ ಕೃತಕ ಈಸ್ಟ್ರೋಜನ್ (ಗಂಡಸರ ಹಾರ್ಮೋನನ್ನು ತಗ್ಗಿಸುವ ಹೆಂಗಸರ ಹಾರ್ಮೋನ್) ಮತ್ತು ರಕ್ತ ತೆಳುಮಾಡುವ ವಾರ್ಫರಿನ್ ಸಿಕ್ಕವು. 2002ರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ತೆಗೆದರು.

ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ. ಕ್ಯಾಪ್ಸೂಲಿನ ಮಾತು ಬೇರೆ. ಚೆನ್ನಾಗಿ ಹೀರಿಕೊಳ್ಳಲಿ ಅಂತ ಅದಕ್ಕೆ ಎಷ್ಟೋ ಸಲ ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಡೋಸಿಟ್ಯಾಕ್ಸೆಲನ್ನು ಒಡೆಯುವ ಲಿವರ್ ಕಿಣ್ವವನ್ನೇ ಪೈಪರಿನ್ ತಡೆಯಬಲ್ಲದು, ಆಗ ಆ ಔಷಧಿ ದೇಹದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಉಳಿಯಬಹುದು. ಇಂಥ ಕ್ಯಾಪ್ಸೂಲುಗಳಿಂದ ಲಿವರಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಈಗಾಗಲೇ ತಗೋತಿದ್ದರೆ ಮುಚ್ಚಿಡಬೇಡಿ. ಮುಂದಿನ ಭೇಟಿಗೆ ಬಾಟಲಿಯನ್ನೇ ನಿಮ್ಮ ವೈದ್ಯರ ಹತ್ತಿರ ತಗೊಂಡು ಹೋಗಿ, ಲೇಬಲ್ ತೋರಿಸಿ.